ಮನಸ್ಸಿತ್ತು ಸಾರ್, ಬಾಗಿಲು ಇರಲಿಲ್ಲ

ಎಲ್ಲರಿಗೂ ನಮಸ್ಕಾರ. ಹೋದ ಸಂಚಿಕೆಯಲ್ಲಿ ಬಿಸಿಯೂಟದ ಅಡುಗೆಯವರ ಗೌರವಧನದ ಬಗ್ಗೆ ಮಾತಾಡಿದ್ದೆ. ಅದರ ಕೆಳಗೆ ಒಬ್ಬರ ಕಾಮೆಂಟ್: "ಓದೋ ಮನಸ್ಸಿದ್ದವನು ಬೀದಿ ದೀಪದ ಕೆಳಗೆ ಕೂತೂ ಓದ್ತಾನೆ. ಬಿಟ್ಟಿ ಊಟ, ಬಿಟ್ಟಿ ಸೈಕಲ್ಲು ಎಲ್ಲಾ ಓಟಿಗೋಸ್ಕರ." ಸರಿ ಸರಿ ಅಂತ ಎಷ್ಟೊಂದು ಜನ ಲೈಕ್ ಬೇರೆ ಒತ್ತಿದ್ದಾರೆ. ಅದಕ್ಕೇ ಇವತ್ತು ಬೇರೆ ವಿಷಯ ಬದಿಗಿಟ್ಟು ಇದನ್ನೇ ಹಿಡಿದುಕೊಂಡು ಕೂತಿದ್ದೇನೆ.

ಸಾರ್, ರಾತ್ರಿ ಬೀದಿ ದೀಪದ ಕೆಳಗೆ ಓದಬೇಕಾದರೆ, ಹಗಲು ಹೊತ್ತು ಯಾರಾದರೂ ಆ ಹುಡುಗನನ್ನು ಶಾಲೆಯೊಳಗೆ ಬಿಟ್ಟುಕೊಂಡಿರಬೇಕಲ್ವಾ?

ಧಾರವಾಡದ ಕಥೆ ಕೇಳಿ. 1856, ಜೂನ್ ತಿಂಗಳು. ಆಗ ಅಸ್ಪೃಶ್ಯರು ಅಂತ ದೂರ ಇಡುತ್ತಿದ್ದ ಮಹಾರ್ ಜಾತಿಯ ಒಬ್ಬ ಹುಡುಗ ಅಲ್ಲಿನ ಸರ್ಕಾರಿ ಶಾಲೆಗೆ ಸೇರಲು ಹೋದ. ಬಿಟ್ಟಿ ಏನೂ ಕೇಳಲಿಲ್ಲ. ಎಲ್ಲರ ಹಾಗೆ ಫೀಸು ಕಟ್ಟುತ್ತೇನೆ ಅಂದ. ಸೇರಿಸಿಕೊಳ್ಳಲಿಲ್ಲ. ಅವನು ಅಷ್ಟಕ್ಕೇ ಬಿಡಲಿಲ್ಲ, ಬಾಂಬೆ ಸರ್ಕಾರಕ್ಕೇ ಅರ್ಜಿ ಹಾಕಿದ. ಸರ್ಕಾರದ ಉತ್ತರ ಏನು ಗೊತ್ತಾ? ನ್ಯಾಯ ಈ ಹುಡುಗನ ಕಡೆಗೇ ಇದೆ, ಆದರೆ ಇವನೊಬ್ಬನಿಗಾಗಿ ಸೇರಿಸಿಕೊಂಡರೆ ಉಳಿದವರಿಗೆ ಶಾಲೆಯೇ ಉಪಯೋಗಕ್ಕೆ ಬಾರದಂತಾಗುತ್ತದೆ ಅನ್ನುವ ಅರ್ಥದ ಉತ್ತರ. ನ್ಯಾಯ ಇದೆ ಅಂತ ಒಪ್ಪಿಕೊಂಡೇ ಹೊರಗೆ ನಿಲ್ಲಿಸಿದರು! ಕೊನೆಗೆ 1858ರಲ್ಲಿ ಲಂಡನ್ನಿನಿಂದ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು, ಸರ್ಕಾರಿ ದುಡ್ಡಿನ ಶಾಲೆ ಎಲ್ಲ ಜಾತಿಯವರಿಗೂ ಸೇರಿದ್ದು ಅಂತ ಹೇಳಬೇಕಾಯಿತು.

ಈಗ ಹೇಳಿ, ಆ ಹುಡುಗನಿಗೆ ಮನಸ್ಸು ಕಡಿಮೆ ಇತ್ತಾ? ಮನಸ್ಸಿತ್ತು. ಬಾಗಿಲು ಇರಲಿಲ್ಲ.

(ಈ ಅರ್ಜಿಯ ಮೇಲೆಯೇ ಒಂದು ಪೂರ್ತಿ ಸಂಚಿಕೆ ಮಾಡುತ್ತಿದ್ದೇನೆ. ಮೆಂಬರ್ ಆದವರಿಗೆ ಮೊದಲು ಸಿಗುತ್ತದೆ. ಆಗದವರು ಕನಿಷ್ಠ ಬೆಲ್ ಒತ್ತಿಡಿ.)

ಇನ್ನೊಬ್ಬರು ಕೇಳಿದ್ದಾರೆ, "ಹಾಗಾದ್ರೆ ಅಂಬೇಡ್ಕರ್ ಓದಲಿಲ್ವಾ?" ಓದಿದರು. ಮನೆಯಿಂದ ಗೋಣಿ ತಟ್ಟು ತಂದು, ಕ್ಲಾಸಿನಲ್ಲಿ ಎಲ್ಲರಿಂದ ದೂರ ಕೂತು ಓದಿದರು. ಬಾಯಾರಿದರೆ ನಲ್ಲಿ ಮುಟ್ಟುವಂತಿಲ್ಲ, ಜವಾನ ಬಂದು ನೀರು ಬಿಡಬೇಕು. ಜವಾನ ಇಲ್ಲದ ದಿನ ನೀರೂ ಇಲ್ಲ. ಅಷ್ಟೆಲ್ಲ ಸಹಿಸಿದ ಮೇಲೂ 1913ರಲ್ಲಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಿದ್ದು ಬರೋಡಾದ ಸಯಾಜಿರಾವ್ ಗಾಯಕವಾಡರು ಕೊಟ್ಟ ಮೂರು ವರ್ಷದ ವಿದ್ಯಾರ್ಥಿವೇತನದಿಂದ. ಅವರಂಥ ಮನಸ್ಸಿಗೂ ಯಾರೋ ಬಾಗಿಲು ತೆಗೆಯಬೇಕಾಯಿತು. ಇದು ನಿಮ್ಮ ವಾದಕ್ಕೆ ಉದಾಹರಣೆ ಅಲ್ಲ, ನನ್ನ ವಾದಕ್ಕೆ.

ಅದೇ ಸಯಾಜಿರಾವ್ 1906ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಿದರು. ಅದನ್ನು ನೋಡಿ ಗೋಪಾಲಕೃಷ್ಣ ಗೋಖಲೆ 1911ರಲ್ಲಿ ಬ್ರಿಟಿಷ್ ಇಂಡಿಯಾಕ್ಕೂ ಒಂದು ಮಸೂದೆ ತಂದರು. ದೊಡ್ಡದೇನೂ ಕೇಳಲಿಲ್ಲ, ಬೇಕಾದ ಊರಿನವರು ಕಡ್ಡಾಯ ಮಾಡಿಕೊಳ್ಳಲಿ ಅಂದರು. ಮರುವರ್ಷ 38 ಮತ ವಿರುದ್ಧ, 13 ಮತ ಪರ. ಬಿದ್ದುಹೋಯಿತು. ದುಡ್ಡೆಲ್ಲಿದೆ ಅಂದರು. ಹೊಲಕ್ಕೆ ಆಳು ಸಿಗಲ್ಲ ಅನ್ನುವ ಭಯ ಜಮೀನ್ದಾರರಿಗೆ. ನೂರು ವರ್ಷ ದಾಟಿದರೂ ಅದೇ ಮಾತು, ಈಗ ಕಾಮೆಂಟ್ ಬಾಕ್ಸಿಗೆ ಬಂದಿದೆ.

"ತೆರಿಗೆ ನಮ್ಮದು" ಅನ್ನುವವರಿಗೆ ಜೋತಿಬಾ ಫುಲೆ 1882ರಲ್ಲೇ ಉತ್ತರ ಕೊಟ್ಟಾಗಿದೆ. ಶಿಕ್ಷಣದ ಸ್ಥಿತಿ ನೋಡಲು ಬ್ರಿಟಿಷ್ ಸರ್ಕಾರ ಮಾಡಿದ್ದ ಹಂಟರ್ ಆಯೋಗದ ಮುಂದೆ ಅವರು ಹೇಳಿದ್ದು ಇಷ್ಟೇ: ಸರ್ಕಾರದ ಬೊಕ್ಕಸ ತುಂಬುವುದು ರೈತರ ದುಡಿಮೆಯಿಂದ, ಖರ್ಚಾಗುವುದು ಮೇಲಿನವರ ಮಕ್ಕಳ ಓದಿಗೆ.

ನಮ್ಮ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ಸ್ವಂತ ಜಾತಿಯವರೇ ಅವರನ್ನು ದೂರ ಇಟ್ಟರು. ಅವರ ಆಸೆ ಏನಿತ್ತು ಗೊತ್ತಾ? ದಲಿತರ ಮಕ್ಕಳು ಓದಿ, ಸರ್ಕಾರಿ ಹುದ್ದೆಗೆ ಸೇರಿ, ನಮ್ಮ ರಸ್ತೆಯಲ್ಲಿ ಕಾರಿನಲ್ಲಿ ಓಡಾಡಬೇಕು, ಆ ಚಕ್ರದ ಧೂಳು ನನ್ನ ತಲೆಗೆ ತಾಗಬೇಕು. ನಾನು ಇದನ್ನು ಎಷ್ಟು ಸಲ ಹೇಳಿದರೂ ಗಂಟಲು ಕಟ್ಟುತ್ತದೆ. ಇಂಥವರು ಬಾಗಿಲು ತೆಗೆದಿದ್ದಕ್ಕೆ ಇವತ್ತು ನಾವು ಮನಸ್ಸಿನ ಬಗ್ಗೆ ಉಪದೇಶ ಮಾಡುತ್ತಿದ್ದೇವೆ!

1951ರ ಜನಗಣತಿ ತೆಗೆದು ನೋಡಿ. ಈ ದೇಶದ ಹೆಂಗಸರಲ್ಲಿ ಓದು ಬರಹ ಬಲ್ಲವರು 8.86 ಶೇಕಡಾ. 2011ಕ್ಕೆ 64.6. ಅರವತ್ತು ವರ್ಷದಲ್ಲಿ ಹೆಂಗಸರ ಮನಸ್ಸು ಬದಲಾಯಿತಾ? 1951ರಲ್ಲಿ ನೂರರಲ್ಲಿ 91 ಹೆಂಗಸರಿಗೆ ಓದುವ ಆಸೆಯೇ ಇರಲಿಲ್ಲವಾ? ನಿಮ್ಮ ಅಜ್ಜಿಗೆ ಆಸೆ ಇರಲಿಲ್ಲವಾ? ಕೇಳಿ ನೋಡಿ ಒಂದು ಸಲ.

ಇನ್ನು ಆ ಸೈಕಲ್ಲು. ನಮ್ಮ ರಾಜ್ಯದಲ್ಲಿ 2006-07ರಲ್ಲಿ ಎಂಟನೇ ಕ್ಲಾಸಿನ ಹೆಣ್ಣುಮಕ್ಕಳಿಗೆ ಕೊಡಲು ಶುರು ಮಾಡಿದರು. ಎಂಟನೇ ಕ್ಲಾಸೇ ಯಾಕೆ? ಹಳ್ಳಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಏಳನೇ ಕ್ಲಾಸಿನವರೆಗೆ ಊರಲ್ಲೇ ಶಾಲೆ. ಹೈಸ್ಕೂಲು ಪಕ್ಕದ ಊರಿನಲ್ಲಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು. ಸಂಜೆಯದು ತಪ್ಪಿದರೆ ಹುಡುಗಿ ಕತ್ತಲಲ್ಲಿ ನಡೆದು ಬರಬೇಕು. ಎರಡು ಸಲ ಹಾಗಾದರೆ ಸಾಕು, ಅಪ್ಪ "ಓದಿದ್ದು ಸಾಕು" ಅನ್ನುತ್ತಾನೆ. ಅಮ್ಮ ಸುಮ್ಮನಾಗುತ್ತಾಳೆ. ಯೂನಿಫಾರಂ ತಂಗಿಗೆ ಹೋಗುತ್ತದೆ. ಹುಡುಗಿಯ ಮನಸ್ಸನ್ನು ಯಾರೂ ಕೇಳಲಿಲ್ಲ. ಅಲ್ಲಿ ಆ ಸೈಕಲ್ಲೇ ಬಾಗಿಲು.

ಊಟವೂ ಅಷ್ಟೇ. 2001ರಲ್ಲಿ ಸುಪ್ರೀಂ ಕೋರ್ಟ್ ಶಾಲೆಯಲ್ಲಿ ಬೇಯಿಸಿದ ಊಟ ಕೊಡಿ ಅಂತ ರಾಜ್ಯಗಳಿಗೆ ಆದೇಶ ಮಾಡಬೇಕಾಯಿತು. ಆಮೇಲೆ ನಮ್ಮಲ್ಲಿ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ ಬಂತು. ಹಸಿದ ಮಗುವಿಗೆ ಮಗ್ಗಿ ಹತ್ತುತ್ತದಾ? ನೀವು ಊಟ ಬಿಟ್ಟು ಆಫೀಸಿನಲ್ಲಿ ಕೂತು ನೋಡಿ.

"ಸ್ವಾತಂತ್ರ್ಯ ಬಂದು ಇಷ್ಟು ವರ್ಷ ಆಯ್ತು, ಇನ್ನೂ ಎಷ್ಟು ದಿನ?" ಅಂತ ಕೇಳುತ್ತಾರೆ. ಸಂವಿಧಾನದ 45ನೇ ವಿಧಿ ಹತ್ತು ವರ್ಷದೊಳಗೆ ಹದಿನಾಲ್ಕು ತುಂಬುವವರೆಗೆ ಎಲ್ಲ ಮಕ್ಕಳಿಗೂ ಉಚಿತ, ಕಡ್ಡಾಯ ಶಿಕ್ಷಣಕ್ಕೆ ಪ್ರಯತ್ನಿಸಿ ಅಂದಿತ್ತು. ಅಂದರೆ 1960ಕ್ಕೆ. ಶಿಕ್ಷಣ ಹಕ್ಕಿನ ಕಾಯ್ದೆ ಆರ್‌ಟಿಇ ಜಾರಿಯಾಗಿದ್ದು 2010ರ ಏಪ್ರಿಲ್ 1ಕ್ಕೆ. ಐವತ್ತು ವರ್ಷ ತಡ! ಮಕ್ಕಳು ತಡ ಮಾಡಿದರಾ? ಮೇಲಾಗಿ ಆ ಕಾಯ್ದೆ ಬಡ ಮಕ್ಕಳಿಗೆ ಅಂತ ಮೀಸಲಿಟ್ಟ ಖಾಸಗಿ ಶಾಲೆಯ 25 ಶೇಕಡಾ ಸೀಟಿಗೆ ನಮ್ಮ ರಾಜ್ಯದಲ್ಲಿ 2019ರಲ್ಲಿ ನಿಯಮ ತಿದ್ದಿ, ಹತ್ತಿರ ಸರ್ಕಾರಿ ಶಾಲೆ ಇದ್ದರೆ ಇಲ್ಲ ಅಂದರು. ತೆಗೆದ ಬಾಗಿಲನ್ನು ಅರ್ಧ ಹಾಕಿದರು. ಅದಕ್ಕೆ ಯಾಕೆ ನೀವು ಕಾಮೆಂಟ್ ಹಾಕಲಿಲ್ಲ?

ಇನ್ನು ನನ್ನ ಹತ್ತಿರ ಬೇರೆ ವಾದ ಇಲ್ಲ, ಬೇಕಾಗಿಯೂ ಇಲ್ಲ. ಮನಸ್ಸಿತ್ತು ಸಾರ್! ಧಾರವಾಡದಲ್ಲಿತ್ತು, ಮಂಗಳೂರಿನಲ್ಲಿತ್ತು, ನಿಮ್ಮ ಮನೆಯ ಅಡುಗೆಮನೆಯಲ್ಲೂ ಇತ್ತು!

ಒಂದು ಕೆಲಸ ಮಾಡಿ. ನಿಮ್ಮ ಮನೆಯಲ್ಲಿ ಶಾಲೆ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಯಾರು, ಯಾವ ಇಸವಿ, ಅವಳನ್ನು ಸೇರಿಸಿದವರು ಯಾರು, ಕಾಮೆಂಟಿನಲ್ಲಿ ಬರೆಯಿರಿ. ಹೆಸರು ಬೇಡ, ಅಜ್ಜಿ, ಅತ್ತೆ, ಚಿಕ್ಕಮ್ಮ ಅಂದರೆ ಸಾಕು. ಮುಂದಿನ ಸಂಚಿಕೆಯಲ್ಲಿ ಒಂದೊಂದನ್ನೇ ಓದುತ್ತೇನೆ. ಬೀದಿ ದೀಪದ ಸಾರ್, ಮೊದಲು ನೀವೇ ಬರೆಯಿರಿ.