ತಲೆಗೆ ಪೆಟ್ಟು: ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ

ಎಲ್ಲರಿಗೂ ನಮಸ್ಕಾರ.

ಚಿಕ್ಕಮಗಳೂರು ಸೀಮೆಯಲ್ಲಿ ತಲೆಗೆ ಪೆಟ್ಟಾಗುವ ದಾರಿಗಳು ನಿಮಗೆಲ್ಲ ಗೊತ್ತು. ಮೆಣಸು ಕೊಯ್ಯುವಾಗ ಒಂಟಿ ಬಿದಿರಿನ ಏಣಿ ಜಾರುತ್ತದೆ, ಮರಗಸಿ ಮಾಡುವಾಗ, ಅಂದರೆ ತೋಟದ ನೆರಳಿನ ಮರದ ಕೊಂಬೆ ಕಡಿಯುವಾಗ, ಕೊಂಬೆ ಕೈ ಕೊಡುತ್ತದೆ, ಚಾರ್ಮಾಡಿಯ ತಿರುವಿನಲ್ಲಿ ಬೈಕ್ ಮಗುಚುತ್ತದೆ. ಇವತ್ತಿನ ಮಾತು ಅಪಘಾತದ ದಿನದ್ದಲ್ಲ. ಹೊಲಿಗೆ ಬಿಚ್ಚಿ, ನಡೆದುಕೊಂಡೇ ಮನೆಗೆ ಬಂದವರು ಮೂರನೇ ವಾರಕ್ಕೆ ಊಟದ ತಟ್ಟೆ ಎಸೆಯುತ್ತಾರಲ್ಲ, ಆ ದಿನದ್ದು. ಅದು ಸೊಕ್ಕಲ್ಲ, ಸೋಮಾರಿತನವಲ್ಲ, ಗಾಳಿ ಸೋಕಿದ್ದೂ ಅಲ್ಲ. ಗಾಯವೇ ಹಾಗೆ ಮಾತಾಡುತ್ತಿದೆ.

ಡಿಸ್ಚಾರ್ಜ್ ಚೀಟಿಯಲ್ಲಿ ಜಿ.ಸಿ.ಎಸ್. ಅಂತ ಒಂದು ಅಂಕ ಇರುತ್ತದೆ. ಗ್ಲಾಸ್ಗೋ ಕೋಮಾ ಸ್ಕೇಲ್ ಅಂತ ಅದರ ಪೂರ್ತಿ ಹೆಸರು, ರೋಗಿಗೆ ಎಷ್ಟು ಎಚ್ಚರವಿದೆ ಅಂತ ನೋಡಲು 1974ರಲ್ಲಿ ಗ್ಲಾಸ್ಗೋದ ವೈದ್ಯರು ಮಾಡಿದ ಅಳತೆ ಅದು. ಹೆಚ್ಚೆಂದರೆ ಕಣ್ಣು ತೆರೆಯುವುದಕ್ಕೆ 4, ಮಾತಿಗೆ 5, ಕೈಕಾಲು ಆಡಿಸುವುದಕ್ಕೆ 6, ಒಟ್ಟು 15. ಕನಿಷ್ಠ 3. ದಾಖಲಾದಾಗ 8 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ ಪೆಟ್ಟು, 13 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೌಮ್ಯ. ಮನೆಯವರು ಬರೆದಿಟ್ಟುಕೊಳ್ಳಬೇಕಾದ ಇನ್ನೊಂದು ಲೆಕ್ಕವಿದೆ: ಪೆಟ್ಟು ಬಿದ್ದ ದಿನದಿಂದ, ‘ನಿನ್ನೆ ಯಾರು ಬಂದಿದ್ದರು, ಏನು ತಿಂದೆ’ ಅನ್ನುವುದು ರೋಗಿಗೆ ದಿನವೂ ತಪ್ಪದೆ ನೆನಪಿರುವ ಹೊತ್ತಿನವರೆಗೆ ಎಷ್ಟು ದಿನ? ಅದು ಒಂದು ವಾರ ದಾಟಿದ್ದರೆ, ಸ್ಕ್ಯಾನ್ ಏನೇ ಹೇಳಲಿ, ಮುಂದಿನ ತಿಂಗಳುಗಳಲ್ಲಿ ತಾಳ್ಮೆ ಬೇಕು ಅಂತಲೇ ಅರ್ಥ.

ಸಿಟ್ಟೇ ಯಾಕೆ ಮೊದಲು ಬರುತ್ತದೆ? ಬುರುಡೆಯ ಒಳಗೆ, ಹುಬ್ಬಿನ ಹಿಂಭಾಗದ ತಳದಲ್ಲಿ ಮೂಳೆ ಒರಟಾಗಿದೆ. ಪೆಟ್ಟು ಹಿಂದಲೆಗೆ ಬಿದ್ದರೂ ಮೆದುಳು ಮುಂದಕ್ಕೆ ಜಾರಿ ಆ ಒರಟಿಗೆ ಉಜ್ಜುತ್ತದೆ. ಹಾಗಾಗಿ ಹಣೆಯ ಹಿಂದಿನ ಭಾಗ, ಕಿವಿಯ ಬದಿಯ ಭಾಗ ಜಜ್ಜಿಹೋಗುವುದು ಹೆಚ್ಚು. ಮಾತಿಗೆ, ಸಿಟ್ಟಿಗೆ, ಆಸೆಗೆ ಬ್ರೇಕ್ ಇರುವುದು ಅಲ್ಲೇ. ಕೆಲವರಲ್ಲಿ ಬ್ರೇಕ್ ಹಿಡಿಯುವುದಿಲ್ಲ, ನೆಂಟರ ಮುಂದೆಯೇ ಬಾಯಿಗೆ ಬಂದದ್ದು ಅಂದುಬಿಡುತ್ತಾರೆ. ಇನ್ನು ಕೆಲವರಲ್ಲಿ ಗಾಡಿಯೇ ಹೊರಡುವುದಿಲ್ಲ, ಎಬ್ಬಿಸದಿದ್ದರೆ ಮಧ್ಯಾಹ್ನದವರೆಗೂ ಜಗಲಿ ಮೇಲೆ ಕೂತೇ ಇರುತ್ತಾರೆ. ಈ ಎರಡನೆಯವರನ್ನು ಬೈಯುವವರೇ ಜಾಸ್ತಿ, ಪಾಪ. ‘ಸ್ನಾನ ಮಾಡಿ ತಿಂಡಿ ತಿಂದು ರೆಡಿಯಾಗು’ ಅಂದರೆ ಅದು ಮೂರು ಕೆಲಸ. ‘ಟವೆಲ್ ತಗೋ’ ಅನ್ನಿ. ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಿರಿ. ಆಮೇಲೆ ಮುಂದಿನ ಮಾತು. ಟಿ.ವಿ. ಆರಿಸಿ, ಒಬ್ಬರೇ ಮಾತಾಡಿ.

ಸಿಟ್ಟು ಏರುವಾಗ ವಾದಕ್ಕೆ ಇಳಿಯಬೇಡಿ, ಮೈ ಮುಟ್ಟಿ ತಡೆಯಬೇಡಿ. ಕತ್ತಿ, ಕೊಡಲಿ ಕೈಗೆ ಸಿಗದಂತೆ ಮೊದಲೇ ಎತ್ತಿಡಿ, ನೀವೂ ಸ್ವಲ್ಪ ಹೊತ್ತು ಪಕ್ಕಕ್ಕೆ ಸರಿಯಿರಿ. ತಣ್ಣಗಾದ ಮೇಲೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ: ಎಷ್ಟು ಗಂಟೆ, ಅದಕ್ಕೆ ಮುಂಚೆ ಏನಾಗಿತ್ತು. ಎರಡು ವಾರ ಬರೆದರೆ ಸಾಮಾನ್ಯವಾಗಿ ಒಂದು ಜಾಡು ಸಿಗುತ್ತದೆ. ಸಂಜೆ, ಹಸಿವು, ನಿದ್ದೆಗೇಡು, ನೋವು, ಮನೆ ತುಂಬ ಜನ. ನಮ್ಮಲ್ಲಿ ರೋಗಿಯನ್ನು ನೋಡಲು ಇಡೀ ಊರೇ ಬರುತ್ತದೆ, ಬಂದವರೆಲ್ಲ ‘ನಾನ್ಯಾರು ಹೇಳು ನೋಡೋಣ’ ಅಂತ ಪರೀಕ್ಷೆ ಮಾಡುತ್ತಾರೆ. ದಯವಿಟ್ಟು ನಿಲ್ಲಿಸಿ. ಒಂದು ಸಲಕ್ಕೆ ಇಬ್ಬರು, ಕಾಲು ಗಂಟೆ, ಬೆಳಗಿನ ಹೊತ್ತು. ಬಂದವರು ತಮ್ಮ ಹೆಸರು ತಾವೇ ಹೇಳಲಿ.

ಈಗ ಬುರುಡೆಯ ಮೂಳೆಯ ವಿಷಯ, ಇದನ್ನು ನಿಧಾನವಾಗಿ ಹೇಳುತ್ತೇನೆ. ಮೆದುಳು ಊದಿಕೊಂಡಾಗ ಸರ್ಜನ್ ಒಂದು ಬದಿಯ ಮೂಳೆಯನ್ನು ತೆಗೆದಿಡುತ್ತಾರೆ. ಎಷ್ಟೋ ಸಲ ಆ ಮೂಳೆಯನ್ನು ರೋಗಿಯ ಹೊಟ್ಟೆಯ ಚರ್ಮದ ಕೆಳಗೇ ಇಟ್ಟು ಹೊಲಿದಿರುತ್ತಾರೆ. ಹೊಟ್ಟೆಯಲ್ಲಿ ಗಟ್ಟಿಯಾಗಿ ಕೈಗೆ ಸಿಗುವುದು ಗಡ್ಡೆಯಲ್ಲ, ಅದೇ ಮೂಳೆ. ಅದರ ಮೇಲೆ ಪಂಚೆ ಬಿಗಿದು ಕಟ್ಟಬೇಡಿ. ತಲೆಯ ಆ ಬದಿಯಲ್ಲಿ ಮೆದುಳಿಗೆ ಇರುವ ಕಾಪು ಚರ್ಮ ಮತ್ತು ತೆಳು ಪೊರೆ ಅಷ್ಟೇ. ಆ ಮಗ್ಗಲಿಗೆ ಮಲಗಿಸಬಾರದು, ಎದ್ದು ಓಡಾಡುವಾಗ ಹೆಲ್ಮೆಟ್ ಬೇಕು, ಎಣ್ಣೆ ಹಾಕಿ ತಿಕ್ಕಬಾರದು. ಗುಂಡಿ ಬಿದ್ದಂತೆ ಒಳಗೆ ಇಳಿದು ಜೊತೆಗೆ ಮಂಕು, ತಲೆನೋವು ಹೆಚ್ಚಾದರೂ, ಮೊದಲಿಗಿಂತ ಉಬ್ಬಿ ಬಿಗಿಯಾದರೂ ಸರ್ಜನ್‌ಗೆ ಕೂಡಲೇ ತೋರಿಸಿ. ಮೂಳೆ ಮತ್ತೆ ಕೂರಿಸುವ ಆಪರೇಷನ್ ಸಾಮಾನ್ಯವಾಗಿ ಕೆಲವು ತಿಂಗಳ ನಂತರ. ದುಡ್ಡಿಲ್ಲ, ಹೊಲದ ಕೆಲಸವಿದೆ ಅಂತ ಮುಂದೂಡುತ್ತ ಹೋಗಬೇಡಿ.

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗಲು ಬದಲಿಸಿ. ಸೊಂಟದ ಹಿಂಭಾಗ, ಹಿಮ್ಮಡಿ ಕೆಂಪಾದರೆ ಅದೇ ಹುಣ್ಣಿನ ಮೊದಲ ಗುರುತು. ಸೋತ ಕೈಯನ್ನು ಹಿಡಿದು ಎಳೆದು ಎಬ್ಬಿಸಿದರೆ ಭುಜದ ಕೀಲು ಜಾರುತ್ತದೆ. ಬೆನ್ನಿನ ಹಿಂದೆ, ತೋಳಿನ ಬುಡಕ್ಕೆ ಆಸರೆ ಕೊಡಿ. ಊಟ ಕೊಡುವಾಗ ನೆಟ್ಟಗೆ ಕೂರಿಸಿ, ಊಟವಾದ ಮೇಲೂ ಅರ್ಧ ಗಂಟೆ ಕೂತೇ ಇರಲಿ. ನೀರು ಕುಡಿದಾಗ ಕೆಮ್ಮು ಬರುತ್ತಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತಿದೆ ಅಂತ ಅನುಮಾನಿಸಿ, ನುಂಗುವ ಪರೀಕ್ಷೆ ಮಾಡಿಸಿ. ಅಂಥವರಿಗೆ ತೆಳ್ಳನೆಯ ಗಂಜಿನೀರಿಗಿಂತ ಮಂದವಾದ ರಾಗಿಗಂಜಿ ನುಂಗಲು ಸುಲಭವಾಗಬಹುದು. ಎಷ್ಟು ಮಂದ ಅನ್ನುವುದನ್ನು ಪರೀಕ್ಷೆ ಮಾಡಿದವರೇ ಹೇಳಲಿ.

ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡುವುದು, ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು ಯಾವುದೂ ಬೇಡ. ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೆ ಬಂದರೆ, 108ಕ್ಕೆ ಫೋನ್ ಮಾಡಿ. ಪೆಟ್ಟಾದ ಮೊದಲ ವಾರಕ್ಕೆ ಮಾತ್ರ ಅಂತ ಕೊಟ್ಟ ಫಿಟ್ಸ್ ಮಾತ್ರೆಯನ್ನು ವೈದ್ಯರೇ ನಿಲ್ಲಿಸುತ್ತಾರೆ. ಉಳಿದವರು ‘ಈಗ ಚೆನ್ನಾಗಿದ್ದೇನೆ’ ಅಂತ ತಾವೇ ಬಿಟ್ಟರೆ ಫಿಟ್ಸ್ ಜೋರಾಗಿ ಮರಳಬಹುದು. ಹೆಂಡವೂ ಅದನ್ನೇ ಮಾಡುತ್ತದೆ. ಫಿಟ್ಸ್ ಇರುವವರು ಏಣಿ ಹತ್ತುವುದು, ಕೆರೆಗೆ ಇಳಿಯುವುದು, ಬೈಕ್ ಓಡಿಸುವುದು ವೈದ್ಯರು ಹೇಳುವವರೆಗೂ ಬೇಡ.

ಮನೆಯ ಹಿರಿಯರ ಬಗ್ಗೆ ಒಂದು ಮಾತು. ಬಚ್ಚಲಲ್ಲಿ ಜಾರಿ ಬಿದ್ದು ‘ಏನೂ ಆಗಿಲ್ಲ’ ಅಂದ ಅಜ್ಜ, ಮೂರು ನಾಲ್ಕು ವಾರದ ಮೇಲೆ ನಡಿಗೆ ತಪ್ಪಿ, ಮಂಕಾಗಿ, ಮಾತು ಅದಲುಬದಲಾದರೆ ಅದನ್ನು ವಯಸ್ಸಿನ ಲೆಕ್ಕಕ್ಕೆ ಸೇರಿಸಬೇಡಿ. ಮೆದುಳಿನ ಮೇಲೆ ರಕ್ತ ನಿಧಾನಕ್ಕೆ ಸೇರಿಕೊಂಡಿರಬಹುದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಹೆಚ್ಚು. ಒಂದು ಸಿ.ಟಿ. ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತದೆ, ಬುರುಡೆಗೆ ಸಣ್ಣ ರಂಧ್ರ ಮಾಡಿ ತೆಗೆದರೆ ಬಹಳಷ್ಟು ಜನ ಚೇತರಿಸಿಕೊಳ್ಳುತ್ತಾರೆ.

ಪರಿಹಾರದ ಕಾಗದಪತ್ರದಲ್ಲಿ ನಮ್ಮವರು ಸೋಲುವುದು ಒಂದೇ ಕಡೆ. ಮುರಿದ ಕಾಲಿಗೆ ದಾಖಲೆ ಇರುತ್ತದೆ, ಕೆಟ್ಟ ನೆನಪಿಗೆ ಇರುವುದಿಲ್ಲ. ನೆನಪು, ಗಮನ, ನಡವಳಿಕೆ ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆಗುತ್ತದೆ. ಆ ವರದಿಯನ್ನು ಕಡತಕ್ಕೆ ಸೇರಿಸಿ. ರಸ್ತೆ ಅಪಘಾತವಾದರೆ ಮೋಟಾರು ವಾಹನ ನ್ಯಾಯಮಂಡಳಿಗೆ ಆರು ತಿಂಗಳ ಒಳಗೇ ಅರ್ಜಿ ಹಾಕಿ. ತೋಟದ ಕೆಲಸದಲ್ಲಿ ಬಿದ್ದದ್ದಾದರೆ ಮಾಲೀಕರಿಗೆ ಬರಹದಲ್ಲಿ ಆದಷ್ಟು ಬೇಗ ತಿಳಿಸಿ, ಪ್ರತಿ ಇಟ್ಟುಕೊಳ್ಳಿ.

ಚೇತರಿಕೆ ಮೊದಲ ಆರು ತಿಂಗಳು ವೇಗವಾಗಿ, ಆಮೇಲೆ ನಿಧಾನವಾಗಿ ವರ್ಷಗಟ್ಟಲೆ ನಡೆಯುತ್ತದೆ. ಅಷ್ಟು ದಿನ ರಾತ್ರಿ ಎದ್ದು ಕೂರುವುದು ಹೆಂಡತಿ ಅಥವಾ ತಾಯಿ ಒಬ್ಬರೇ ಆದರೆ ಅವರೂ ಬೀಳುತ್ತಾರೆ. ವಾರದಲ್ಲಿ ಎರಡು ರಾತ್ರಿಯಾದರೂ ಬೇರೆಯವರು ಕೂರಲಿ. ಯಾರು, ಯಾವ ರಾತ್ರಿ ಅನ್ನುವುದನ್ನು ಇವತ್ತು ಮನೆಗೆ ಹೋದ ಕೂಡಲೇ ಅಣ್ಣತಮ್ಮಂದಿರು ಕೂತು ತೀರ್ಮಾನಿಸಿಕೊಳ್ಳಿ.