ಟ್ಯೂಬ್ ಬೇಡ ಅಂದೆ ಅಲ್ವಾ?

ನಮಸ್ಕಾರ, ಬನ್ನಿ ಬನ್ನಿ. ಇವತ್ತು ಚಿಟ್ಟೆ ಬಗ್ಗೆ ಮಾತಾಡೋಣ ಅಂತ ಎಲ್ಲ ಬರೆದಿಟ್ಟಿದ್ದೆ. ಬೆಳಗ್ಗೆ ಕಾಫಿ ಹಿಡಿದು ಕಾಮೆಂಟ್ ನೋಡಿದೆ, ಚಿಟ್ಟೆ ಹಾರಿಹೋಯಿತು. ಒಬ್ಬರು ಬರೆದಿದ್ದಾರೆ: "ಸರ್, ಲೆನ್ಸ್ ಮುಂದೆ ಇನ್ನೊಂದು ಗಾಜು ಹಾಕಿದರೆ ಕ್ವಾಲಿಟಿ ಹೋಗುತ್ತೆ. ಎಕ್ಸ್‌ಟೆನ್ಷನ್ ಟ್ಯೂಬ್‌ನಲ್ಲಿ ಗಾಜೇ ಇಲ್ಲ. ಅದೇ ಬೆಸ್ಟ್." ಅದಕ್ಕೆ ಲೈಕ್ ಬೇರೆ! ಹೊಸಬರಿಗೆ ಹೇಳಿಬಿಡುತ್ತೇನೆ: ಸಣ್ಣ ಹುಳವನ್ನು ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಫೋಟೋಗೆ ಇವು ಎರಡು ಅಗ್ಗದ ದಾರಿ. ಟ್ಯೂಬ್ ಅಂದರೆ ಕ್ಯಾಮೆರಾಗೂ ಲೆನ್ಸಿಗೂ ನಡುವೆ ಹಾಕುವ ಟೊಳ್ಳು ಕೊಳವೆ; ಗಾಜು ಅಂದರೆ ಲೆನ್ಸ್ ಮುಂದೆ ಹಾಕುವ ಕ್ಲೋಸಪ್ ಲೆನ್ಸ್.

ಸ್ವಾಮಿ, ನಿಮ್ಮ ಲೆನ್ಸ್ ಯಾವುದು ಅಂತ ಮೊದಲು ಹೇಳಿ.

ಹುಳ ಹುಪ್ಪಟೆ ಫೋಟೋ ತೆಗೆಯಲು ಹೊರಟವರ ಬ್ಯಾಗಿನಲ್ಲಿ ಸಾಮಾನ್ಯವಾಗಿ ಏನಿರುತ್ತದೆ? ಕ್ಯಾಮೆರಾ ಜೊತೆ ಬಂದ 18-55 ಎಂ.ಎಂ. ಲೆನ್ಸ್, ಇನ್ನೊಂದು 55-250. ಆ 250ಕ್ಕೆ ಟ್ಯೂಬ್ ಹಾಕುತ್ತೀರಾ? ಹಾಕಿ. ಸೆಟ್‌ನಲ್ಲಿ 12, 20, 36 ಅಂತ ಮೂರು ಇರುತ್ತವೆ, ಒಟ್ಟು 68 ಎಂ.ಎಂ. ಟ್ಯೂಬ್‌ನ ಉದ್ದವನ್ನು ಲೆನ್ಸ್‌ನ ಎಂ.ಎಂ.ನಿಂದ, ಅಂದರೆ ಅದರ ಫೋಕಲ್ ಲೆಂತ್‌ನಿಂದ, ಭಾಗಿಸಿ. 68 ಭಾಗಿಸು 250. ಜಾಸ್ತಿ ಸಿಗುವುದು ಕಾಲು ಪಟ್ಟು, ಮೇಲೆ ಸ್ವಲ್ಪ ಚಿಲ್ಲರೆ. (ಪಟ್ಟು ಅಂದರೆ ಕ್ಯಾಮೆರಾ ಸೆನ್ಸರ್ ಮೇಲೆ ಬೀಳುವ ಚಿತ್ರ ಹುಳದ ನಿಜ ಗಾತ್ರದ ಎಷ್ಟು ಪಟ್ಟು ಅಂತ.) ಈಗ ಟ್ಯೂಬ್ ಬಿಚ್ಚಿ, ಅದೇ ಲೆನ್ಸ್‌ನ ಮೂತಿಗೆ ರೇನಾಕ್ಸ್ ಡಿಸಿಆರ್-250 ಅನ್ನುವ ಕ್ಲೋಸಪ್ ಗಾಜು ಕಚ್ಚಿಸಿ. ಅದರ ಶಕ್ತಿ 8 ಡಯಾಪ್ಟರ್, ಅಂದರೆ ಅದರ ಫೋಕಲ್ ಲೆಂತ್ 125 ಎಂ.ಎಂ. ಲೆನ್ಸ್‌ನ ಫೋಕಸ್ ಇನ್ಫಿನಿಟಿಯಲ್ಲಿ, ಅಂದರೆ ತೀರಾ ದೂರಕ್ಕೆ, ಇದ್ದರೂ 250 ಭಾಗಿಸು 125, ಎರಡು ಪಟ್ಟು. ಕಾಲು ಎಲ್ಲಿ, ಎರಡು ಎಲ್ಲಿ!

ಉದ್ದದ ಲೆನ್ಸ್‌ಗೆ ಗಾಜು. ಗಿಡ್ಡ ಲೆನ್ಸ್‌ಗೆ ಟ್ಯೂಬ್. ಇಷ್ಟೇ ಕಣ್ರೀ.

50 ಎಂ.ಎಂ. ಲೆನ್ಸ್ ಇದೆಯಾ? ಆಗ ಲೆಕ್ಕ ತಿರುಗುತ್ತದೆ. 68 ಭಾಗಿಸು 50, ಒಂದೂ ಕಾಲಿಗಿಂತ ಜಾಸ್ತಿ. ಅಲ್ಲಿ ಗಾಜು ಹಾಕಿದರೆ ಅರ್ಧ ಪಟ್ಟೂ ಬರುವುದಿಲ್ಲ. ಟ್ಯೂಬ್ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳಿಲ್ಲ. ನಾನೂ ಒಂದು ಸೆಟ್ ತಗೊಂಡಿದ್ದೆ. ಅಂಗಡಿಯವನು ಹಲ್ಲು ಕಿರಿದು ಕೊಟ್ಟ. ಮನೆಗೆ ಬಂದು ನೋಡಿದರೆ ಒಳಗೆ ಚಿನ್ನದ ಬಣ್ಣದ ಪಿನ್‌ಗಳೇ ಇಲ್ಲ. ಪಿನ್ ಇಲ್ಲ ಅಂದರೆ ಕ್ಯಾಮೆರಾಗೂ ಲೆನ್ಸಿಗೂ ಮಾತಿಲ್ಲ, ಕ್ಯಾಮೆರಾದಿಂದ ಅಪರ್ಚರ್ (ಲೆನ್ಸ್ ಒಳಗಿನ ಬೆಳಕಿನ ಕಿಂಡಿ) ಬದಲಾಯಿಸಲು ಆಗುವುದಿಲ್ಲ. ಈಗ ಅದರಲ್ಲಿ ನನ್ನ ಮಗ ಪೆನ್ಸಿಲ್ ಇಡುತ್ತಾನೆ.

ಇನ್ನು "ಕ್ವಾಲಿಟಿ ಹೋಗುತ್ತೆ". ಯಾವ ಗಾಜಿನಿಂದ ಹೋಗುತ್ತೆ? +1, +2, +4, +10 ಅಂತ ಬಳೆ ಪೆಟ್ಟಿಗೆ ತರಹ ಬರುವ ಸೆಟ್ ಇದೆಯಲ್ಲ, ಅದರಿಂದ ಹೋಗುತ್ತೆ. ಅದು ಒಂಟಿ ಗಾಜು. ಹುಳದ ಮೀಸೆಯ ಸುತ್ತ ನೇರಳೆ ಅಂಚು ಬರುತ್ತದೆ, ಮೂಲೆ ಎಲ್ಲ ಗಂಜಿ. ರೇನಾಕ್ಸ್‌ನಲ್ಲಿ ಮೂರು ಗಾಜು ಸೇರಿಸಿ ಆ ಬಣ್ಣವನ್ನು ತಿದ್ದಿದ್ದಾರೆ. ಎರಡನ್ನೂ "ಗಾಜು" ಅಂತ ಒಂದೇ ತಕ್ಕಡಿಗೆ ಹಾಕುವುದು ಅಂದರೆ ಸೈಕಲ್ಲಿಗೂ ಚಕ್ರ ಇದೆ, ರೈಲಿಗೂ ಚಕ್ರ ಇದೆ ಅಂದ ಹಾಗೆ.

ಇನ್ನೊಬ್ಬರು ಇದ್ದಾರೆ, "ಕ್ಯಾನನ್ ಎಂಪಿ-ಇ 65 ಇಲ್ಲದೆ ಎಕ್ಸ್‌ಟ್ರೀಮ್ ಮ್ಯಾಕ್ರೋ ಮಾತೇ ಬೇಡ" ಅನ್ನುವವರು. 1999ರಲ್ಲಿ ಬಂದ, ಮ್ಯಾಕ್ರೋಗೆಂದೇ ಮಾಡಿದ ಲೆನ್ಸ್, ಒಂದರಿಂದ ಐದು ಪಟ್ಟು. ಅದ್ಭುತ, ಕೈ ಮುಗಿಯುತ್ತೇನೆ. ಐದು ಪಟ್ಟಿಗೆ ಹೋದರೆ ಲೆನ್ಸಿಗೂ ಹುಳಕ್ಕೂ ನಡುವೆ 41 ಎಂ.ಎಂ. ಜಾಗ. ದೂರಕ್ಕೆ ಫೋಕಸ್ಸೇ ಇಲ್ಲ, ಮದುವೆ ಮನೆಗೆ ಒಯ್ದರೆ ಊಟದ ಎಲೆಯ ಮೇಲಿನ ಸಾಸಿವೆ ತೆಗೆಯಬಹುದು. ತಗೊಳ್ಳಿ, ದುಡ್ಡು ನಿಮ್ಮದು.

ಹೋದ ತಿಂಗಳು ಊರಲ್ಲಿ ಮಾವಿನ ಮರದ ಚಗಳಿ ಇರುವೆ ಗೂಡಿನ ಹತ್ತಿರ ನಿಂತಿದ್ದೆ. ಒಂದು ಇರುವೆಯ ನಡಿಗೆ ಯಾಕೋ ಸರಿ ಕಾಣಲಿಲ್ಲ. ಬೇರೆ ಇರುವೆಗಳು ಹತ್ತಿರ ಬಂದರೆ ಪಕ್ಕಕ್ಕೆ ಸರಿಯುತ್ತಿತ್ತು. 55-250, ಮೂತಿಗೆ ರೇನಾಕ್ಸ್, ಮುಂದೆ 12 ಸೆಂಟಿಮೀಟರ್ ಜಾಗ. ಉಸಿರು ಹಿಡಿದು ನಾನೇ ಹಿಂದೆ ಮುಂದೆ ತೂಗಿದೆ. ಫೋಕಸ್ ಬಂತು. ಎರಡು ದೊಡ್ಡ ದುಂಡು ಕಣ್ಣು ನನ್ನನ್ನೇ ನೋಡುತ್ತಿವೆ! ಇರುವೆಯಲ್ಲ, ಇರುವೆ ವೇಷದ ಜೇಡ. ಮುಂದಿನ ಎರಡು ಕಾಲು ಎತ್ತಿ ಮೀಸೆ ಅಂತ ಆಡಿಸುತ್ತಿದೆ. ಗಂಡಾಗಿದ್ದರಿಂದ ದವಡೆ ಉದ್ದ, ಇನ್ನೊಂದು ಇರುವೆಯನ್ನು ಕಚ್ಚಿಕೊಂಡು ಹೊರಟ ಹಾಗೆ. ಆ ಕರಿ ಕಣ್ಣಿನಲ್ಲಿ ನನ್ನ ಡಿಫ್ಯೂಸರ್‌ನ ಬಿಳಿ ಚೌಕ ಕಾಣುತ್ತಿತ್ತು. ಡಿಫ್ಯೂಸರ್ ಅಂದರೆ ಫ್ಲ್ಯಾಶ್ ಬೆಳಕನ್ನು ಮೆತ್ತಗೆ ಮಾಡುವುದು, ದೊಡ್ಡದೇನಲ್ಲ, ಚಿಪ್ಸ್ ಡಬ್ಬ, ಟ್ರೇಸಿಂಗ್ ಪೇಪರ್. ಅದರ ವಿಡಿಯೋ ಮಾಡಿದ್ದೇನೆ, ನೋಡಿಲ್ಲ ಅಂದರೆ ನೋಡಿ, ಹಾಗೇ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ, ಫೋಟೋ ವಾಲ್‌ಪೇಪರ್ ಬೇಕಾದವರಿಗೆ ಲಿಂಕ್ ಕೆಳಗಿದೆ.

ಇದೇ ಜಾಗದಲ್ಲಿ ಟ್ಯೂಬ್ ಹಾಕಿದ್ದರೆ? ಜಾಸ್ತಿ ಸಿಗುವುದು ಕಾಲು ಪಟ್ಟು ಅಷ್ಟೇ! ಅದನ್ನು ಇರುವೆ ಅಂತಲೇ ನಂಬಿ ಮನೆಗೆ ಬರುತ್ತಿದ್ದೆ.

"ಸರ್, ಎರಡೂ ಒಟ್ಟಿಗೆ ಹಾಕಿದರೆ?" ಅಂತ ಈಗ ಟೈಪ್ ಮಾಡುತ್ತಿದ್ದೀರಿ, ಗೊತ್ತು. ಬೇಡ. ಯಾಕೆ ಬೇಡ? ಬೇಡ ಅಂದರೆ ಬೇಡ. ಉದ್ದದ ಲೆನ್ಸ್‌ಗೆ ಗಾಜು ರೀ, ಗಾಜು! ಎಷ್ಟು ಸಲ ಹೇಳಬೇಕು? ನನ್ನ ಕುತ್ತಿಗೆಯಲ್ಲಿ ಒಂದು ಚಗಳಿ ಕಚ್ಚಿದ್ದು ಇನ್ನೂ ಉರಿಯುತ್ತಿದೆ, ಅದರ ಮೇಲೆ ನೀವು ಬೇರೆ.