ಬಿಟ್ ಎಣಿಸಬೇಡಿ, ತುದಿ ನೋಡಿ

ನಮಸ್ಕಾರ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದವರೆಗೆ, ಮಳೆಗಾಲ ಮುಗಿಯೋ ಹೊತ್ತಿಗೆ ಮನೆಯಲ್ಲಿ ಏನಾದರೊಂದು ಸತ್ತಿರ್ತದೆ. ಸಿಡಿಲಿಗೆ ಹೋದ ರೌಟರು, ಸೆಲ್ ಜಾಗದಲ್ಲಿ ಹಸಿರು ಕಿಲುಬು ಹಿಡಿದ ರಿಮೋಟು, ಒಳಗೆ ಬೂಷ್ಟು ಬಂದ ಲ್ಯಾಪ್‌ಟಾಪು. ಒಮ್ಮೆ ಬಿಚ್ಚಿ ನೋಡುವ ಅಂತ ಸಣ್ಣ ಸ್ಕ್ರೂ ಡ್ರೈವರ್ ಸೆಟ್ ಹುಡುಕಿದರೆ ಕಣ್ಣಿಗೆ ಬೀಳೋದು ಸಂಖ್ಯೆ. 31-ಇನ್-1, 64-ಇನ್-1, 115-ಇನ್-1. ನಾನು ಹೇಳೋದು ಇಷ್ಟೇ: ಆ ಸಂಖ್ಯೆ ನೋಡಿ ಸೆಟ್ ತಗೊಳ್ಳಬೇಡಿ. ಅದರಲ್ಲೂ ಸಮುದ್ರದ ಗಾಳಿ ಬಡಿಯೋ ಊರಲ್ಲಿ ಇದ್ದರೆ ಖಂಡಿತ ಬೇಡ.

ಮನೆ ರಿಪೇರಿಗೆ ನಿಜವಾಗಿ ಬೇಕಾಗೋ ಬಿಟ್, ಅಂದರೆ ಹಿಡಿಗೆ ಸಿಕ್ಕಿಸೋ ತುದಿ, ಎಷ್ಟು? ಪ್ಲಸ್ ಗುರುತಿನ ಸ್ಟಾರ್‌ನಲ್ಲಿ ಪಿಎಚ್000, ಪಿಎಚ್00, ಪಿಎಚ್0, ಪಿಎಚ್1, ನಾಲ್ಕು. ಎರಡು ಮಿಲಿಮೀಟರಿನ ಒಂದು ಫ್ಲ್ಯಾಟ್. ಆರು ಮೂಲೆಯ ಟಾರ್ಕ್ಸ್‌ನಲ್ಲಿ ಟಿ5, ಟಿ6, ಟಿ8. ಮನೆಯಲ್ಲಿ ಐಫೋನ್ ಇದ್ದರೆ ಕೆಳಗಿನ ಎರಡು ಸ್ಕ್ರೂಗೆ ಐದೆಸಳಿನ ಪಿ2 ಪೆಂಟಲೋಬ್, ಒಳಗಿನ ಕೆಲವಕ್ಕೆ ಮೂರು ಕಾಲಿನ ವೈ000. ಹತ್ತು ಆಯ್ತು. ಉಳಿದ ನೂರು ಎಂತಕ್ಕೆ? ಕೆಲವು ಇಂಚಿನ ಲೆಕ್ಕದ ಅಲೆನ್ (ಆರು ಮೂಲೆ ಕೀಲಿ), ಉಳಿದದ್ದು ತ್ರಿಕೋನ, ಯು ಆಕಾರ, ಹೆಸರೇ ಗೊತ್ತಿಲ್ಲದ್ದು. ಬೆಲೆ ಹೆಚ್ಚಿಸದೆ ಬಿಟ್ ಹೆಚ್ಚಿಸಬೇಕಾದರೆ ತಯಾರಿಸುವವನು ಕಡಿತ ಮಾಡೋದು ಉಕ್ಕಿನಲ್ಲೇ.

ಅಂಗಡಿಗೆ ಹೋಗೋರಿಗೆ ಒಂದು ಮಾತು. ನಾವು ಸ್ಟಾರ್ ಅನ್ನೋದು ಪ್ಲಸ್ ಗುರುತಿನ ಫಿಲಿಪ್ಸ್‌ಗೆ. ನಿಜವಾಗಿ ನಕ್ಷತ್ರದ ಹಾಗೆ ಆರು ಮೂಲೆ ಇರೋದು ಟಾರ್ಕ್ಸ್. ಪೆಂಟಲೋಬ್‌ಗೆ ಐದೇ ಎಸಳು, ಬರಿಗಣ್ಣಿಗೆ ಎರಡೂ ಒಂದೇ ಕಾಣ್ತದೆ. ಐದೆಸಳಿನ ಸ್ಕ್ರೂಗೆ ಆರು ಮೂಲೆಯ ಬಿಟ್ ಒತ್ತಿ ತಿರುಗಿಸಿದರೆ ಆ ಸ್ಕ್ರೂ ತಲೆ ಅಲ್ಲಿಗೆ ಮುಗೀತು. ಮೊಬೈಲ್ ಕ್ಯಾಮೆರಾದಲ್ಲಿ ಝೂಮ್ ಮಾಡಿ ಎಸಳು ಎಣಿಸಿ, ಆಮೇಲೆ ಬಿಟ್ ಹಾಕಿ.

ಈಗ ತುದಿಯ ವಿಷಯ. ಪಿಎಚ್00 ಬಿಟ್ ಒಂದನ್ನು ಬೆಳಕಿಗೆ ಹಿಡಿದು ನೋಡಿ. ನಾಲ್ಕು ರೆಕ್ಕೆ ಒಂದೇ ದಪ್ಪ ಇರಬೇಕು, ರೆಕ್ಕೆಗಳ ನಡುವಿನ ಕಣಿವೆ ಚೂಪಾಗಿ ಕತ್ತರಿಸಿದ ಹಾಗಿರಬೇಕು. ಕಳಪೆ ಬಿಟ್‌ನಲ್ಲಿ ಕ್ರೋಮ್ ಲೇಪ ದಪ್ಪಗೆ ಕೂತು ಆ ಕಣಿವೆಯೇ ಮುಚ್ಚಿರ್ತದೆ, ಬೆಲ್ಲದ ಪಾಕದಲ್ಲಿ ಅದ್ದಿ ತೆಗೆದ ಹಾಗೆ. ಅಂಥ ತುದಿ ಸ್ಕ್ರೂ ಒಳಗೆ ಪೂರ್ತಿ ಇಳಿಯೋದಿಲ್ಲ, ಮೇಲೆ ಮೇಲೆ ಕೂತುಕೊಳ್ತದೆ. ಫಿಲಿಪ್ಸ್ ವಿನ್ಯಾಸವೇ ಇಳಿಜಾರಿನದ್ದು. ಹೆನ್ರಿ ಫಿಲಿಪ್ಸ್‌ಗೆ 1936ರಲ್ಲಿ ಪೇಟೆಂಟ್ ಸಿಕ್ಕಿದ ಈ ಆಕಾರದಲ್ಲಿ ಬಲ ಹೆಚ್ಚಾದ ಕೂಡಲೇ ಬಿಟ್ ಮೇಲಕ್ಕೆ ಜಾರ್ತದೆ. ಪೂರ್ತಿ ಇಳಿಯದ ಬಿಟ್ ಇನ್ನೂ ಬೇಗ ಜಾರ್ತದೆ, ಜಾರುವಾಗಲೆಲ್ಲ ಸ್ಕ್ರೂ ತಲೆಯ ಒಂದು ಪದರ ಕೆತ್ತಿಕೊಂಡು ಬರ್ತದೆ.

ಹುಬ್ಬಳ್ಳಿಯ ಒಣ ಗಾಳಿಯಲ್ಲಿ ಇದು ಹೇಗೋ ನಡೀಬಹುದು. ಅಂಕೋಲಾ, ಕುಮಟಾ, ಹೊನ್ನಾವರದಲ್ಲಿ ನಡೆಯೋದಿಲ್ಲ. ಉಪ್ಪು ಗಾಳಿಗೆ ಸ್ಕ್ರೂವಿನ ಥ್ರೆಡ್ ತುಕ್ಕು ಹಿಡಿದು ಕಚ್ಚಿಕೊಂಡಿರ್ತದೆ. ಸಡಿಲಿಸೋಕೆ ಹೊಸ ಸ್ಕ್ರೂಗಿಂತ ಎಷ್ಟೋ ಹೆಚ್ಚು ಬಲ ಬೇಕು, ತುದಿಯ ಪರೀಕ್ಷೆ ಆಗೋದೇ ಅಲ್ಲಿ.

ಉಕ್ಕಿಗೆ ಬರೋಣ. ಬಿಟ್ ಮೇಲೆ ಎಸ್2 ಅಂತ ಇದ್ದರೆ ಅದು ಟೂಲ್ ಸ್ಟೀಲ್, ಸಿಆರ್-ವಿ ಅಂದರೆ ಕ್ರೋಮ್ ವೆನಡಿಯಂ. ಸಣ್ಣ ತುದಿಗೆ ಎಸ್2 ವಾಸಿ, ಸವೆಯೋದು ನಿಧಾನ. ಆದರೆ ಎಸ್2 ಅಂತ ಅಚ್ಚು ಹಾಕೋಕೆ ಯಾರ ಅಪ್ಪಣೆಯೂ ಬೇಡ. ಪರೀಕ್ಷೆ ಸುಲಭ: ಸೆಟ್‌ನಲ್ಲಿ ನಿಮಗೆ ಎಂದೂ ಬೇಡದ ಆ ತ್ರಿಕೋನ ಬಿಟ್ ಇದೆಯಲ್ಲ, ಅದರ ತುದಿಗೆ ಹೊಸ ಅರ ಉಜ್ಜಿ. ಅರ ನುಣುಚಿಕೊಂಡು ಹೋದರೆ ಉಕ್ಕು ಗಟ್ಟಿ. ಸಲೀಸಾಗಿ ಪುಡಿ ಉದುರಿದರೆ ಮೆತ್ತಗಿನ ಕಬ್ಬಿಣ, ಉಳಿದ ಬಿಟ್‌ಗಳ ಹಣೆಬರಹವೂ ಅದೇ.

ಎಸ್2 ತಗೊಂಡರೆ ಒಂದು ತಲೆನೋವೂ ಜೊತೆಗೆ ಬರ್ತದೆ. ಅದರಲ್ಲಿ ಕ್ರೋಮಿಯಂ ತೀರಾ ಕಡಿಮೆ, ಹಾಗಾಗಿ ತುಕ್ಕು ಬೇಗ. ಜೂನ್‌ನಲ್ಲಿ ಡಬ್ಬಿ ಮುಚ್ಚಿಟ್ಟು ಸೆಪ್ಟೆಂಬರ್‌ನಲ್ಲಿ ತೆಗೆದರೆ ಬಿಟ್‌ಗಳ ಮೇಲೆ ಕೆಂಪು ಪುಡಿ ಕೂತಿರ್ತದೆ. ಬಿಟ್‌ಗಳನ್ನು ಸ್ಪಂಜಿನಲ್ಲಿ ಚುಚ್ಚಿಡೋ ಡಬ್ಬಿ ಬೇಡ, ಸ್ಪಂಜು ತೇವ ಹಿಡಿದುಕೊಳ್ತದೆ. ಗಟ್ಟಿ ಪ್ಲಾಸ್ಟಿಕ್ ಅಚ್ಚಿನದ್ದು ನೋಡಿ. ಮಳೆ ಹಿಡಿಯೋ ಮುಂಚೆ ಬಟ್ಟೆಗೆ ಎರಡು ಹನಿ ಹೊಲಿಗೆ ಮಷಿನ್ ಎಣ್ಣೆ ಹಾಕಿ ಪ್ರತಿ ಬಿಟ್ ಒರೆಸಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಒಂದೆರಡು ಇಡಿ. ಕೊಬ್ಬರಿ ಎಣ್ಣೆ ಕೈಗೆ ಸಿಗ್ತದೆ ಅಂತ ಹಚ್ಚಬೇಡಿ. ದಿನ ಕಳೆದ ಹಾಗೆ ಅಂಟಾಗ್ತದೆ, ಶಿರಸಿಯ ಡಿಸೆಂಬರ್ ಚಳಿಗೆ ಬೆಳ್ಳಗೆ ಹೆಪ್ಪುಗಟ್ಟಿ ಬಿಟ್‌ನ ಕಣಿವೆಯಲ್ಲೇ ಕೂತುಬಿಡ್ತದೆ.

ಹಿಡಿಯಲ್ಲಿ ನೋಡಬೇಕಾದ್ದು ಎರಡು. ಹಿಂದಿನ ಟೊಪ್ಪಿ ಬೇರೆಯಾಗಿ, ಸರಾಗವಾಗಿ ತಿರುಗಬೇಕು, ತೋರುಬೆರಳಿಂದ ಒತ್ತಿಕೊಂಡು ಉಳಿದ ಬೆರಳಲ್ಲಿ ತಿರುಗಿಸೋದು ಅದರಿಂದಲೇ. ಬಿಟ್ ಕೂರೋ 4 ಮಿಲಿಮೀಟರಿನ ಆರು ಮೂಲೆ ತೂತು ಸಡಿಲ ಇರಬಾರದು. ಅಲ್ಲಿ ಸ್ವಲ್ಪ ಅಲುಗಿದರೂ ತುದಿಯಲ್ಲಿ ಅದು ದೊಡ್ಡದಾಗ್ತದೆ. ಸೆಟ್ ಜೊತೆ ಬರೋ ಲೋಹದ ಪಟ್ಟಿಯಿಂದ ಮೊಬೈಲ್ ಬ್ಯಾಟರಿ ಎಬ್ಬಿಸಬೇಡಿ, ತೂತಾದರೆ ಬೆಂಕಿ. ಅದಕ್ಕೆ ಪ್ಲಾಸ್ಟಿಕ್ಕೇ ಸರಿ. ಪೆನ್ನಿನ ಹಾಗಿರೋ ಎಲೆಕ್ಟ್ರಿಕ್ ಡ್ರೈವರ್ ಮೊದಲ ಖರೀದಿಗೆ ಬೇಡವೇ ಬೇಡ, ಕಚ್ಚಿದ ಸ್ಕ್ರೂ ಸಡಿಲಿಸೋ ತ್ರಾಣ ಅದಕ್ಕಿಲ್ಲ.

ಕಚ್ಚಿದ ಸ್ಕ್ರೂಗೆ ಅವಸರ ಮಾಡಬೇಡಿ ಮಾರಾಯ್ರೇ. ಮೊದಲು ಸೂಜಿಯಿಂದ ಸ್ಕ್ರೂ ತಲೆಯ ಕಸ ಕೆರೆದು ತೆಗೀರಿ. ಬಿಟ್ ದೊಡ್ಡದರಿಂದ ಶುರು ಮಾಡಿ: ಪಿಎಚ್0 ಕೂರದಿದ್ದರೆ ಪಿಎಚ್00, ಅದೂ ಕೂರದಿದ್ದರೆ ಪಿಎಚ್000. ಸೊನ್ನೆ ಹೆಚ್ಚಿದಷ್ಟೂ ಬಿಟ್ ಸಣ್ಣದು. ಚಿಕ್ಕದು ಸುಲಭವಾಗಿ ಇಳೀತದೆ ಅಂತ ಅದನ್ನೇ ಹಾಕಿದಾಗಲೇ ತಲೆ ಹೋಗೋದು. ಬ್ಯಾಟರಿ ತೆಗೆದಿಟ್ಟು, ಹಲ್ಲುಕಡ್ಡಿ ತುದಿಯಲ್ಲಿ ತುಕ್ಕು ಬಿಡಿಸೋ ಡಬ್ಲ್ಯುಡಿ-40 ಎಣ್ಣೆ ಒಂದು ಹನಿ ಸ್ಕ್ರೂ ಅಂಚಿಗೆ ಬಿಡಿ, ಬೋರ್ಡ್ ಮೇಲೆ ಸ್ಪ್ರೇ ಹೊಡೀಬೇಡಿ. ಕಾಲು ಗಂಟೆ ಕಾಯಿರಿ. ಆಮೇಲೆ ಬಿಚ್ಚೋಕೆ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿ, ತುಕ್ಕಿನ ಹಿಡಿತ ಮುರೀತದೆ. ನಂತರ ತಿರುಗಿಸುವುದಕ್ಕಿಂತ ಹೆಚ್ಚು ಒತ್ತುತ್ತಾ ಸಡಿಲಿಸಿ. ರಬ್ಬರ್ ಬ್ಯಾಂಡ್ ಇಟ್ಟು ತಿರುಗಿಸೋ ಉಪಾಯ ದೊಡ್ಡ ಸ್ಕ್ರೂಗೆ ಆದೀತು, ಪಿಎಚ್000ಗೆ ಅದು ಬರೀ ವಿಡಿಯೋದ ಚಂದ.

ಬಿಚ್ಚಿದ ಸ್ಕ್ರೂಗಳನ್ನು ಬಟ್ಟಲಲ್ಲಿ ಒಟ್ಟಿಗೆ ಹಾಕಬೇಡಿ. ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ. 3 ಮಿಲಿಮೀಟರ್ ಉದ್ದದ ಸ್ಕ್ರೂ ಇರಬೇಕಾದಲ್ಲಿ 5ರದ್ದು ಹಾಕಿದರೆ ಅದು ಕೆಳಗಿನ ಬೋರ್ಡಿನ ತಂತಿ ಗೆರೆಯನ್ನೇ ಕತ್ತರಿಸ್ತದೆ, ಆ ಮೇಲೆ ಎಷ್ಟು ಬಿಟ್ ಇದ್ದರೂ ಉಪಯೋಗ ಇಲ್ಲ.

ಇನ್ನೊಂದು, ಈ ಸೆಟ್‌ಗಳ ಹಿಡಿ ಸಾಮಾನ್ಯವಾಗಿ ಅಲ್ಯೂಮಿನಿಯಂ. ಕರೆಂಟಿಗೆ ತಡೆಯೇ ಇಲ್ಲ. ಸೊಳ್ಳೆ ಬ್ಯಾಟ್ ಸ್ವಿಚ್ ಆಫ್ ಆದರೂ ಕರೆಂಟ್ ಹಿಡಿದಿಡೋ ಕೆಪಾಸಿಟರ್‌ನಲ್ಲಿ ಸಾವಿರಕ್ಕೂ ಮೇಲೆ ವೋಲ್ಟ್ ಉಳಿದಿರಬಹುದು. ಪ್ಲಾಸ್ಟಿಕ್ ಹಿಡಿಯ ದೊಡ್ಡ ಸ್ಕ್ರೂ ಡ್ರೈವರ್‌ನಿಂದ ಪಕ್ಕಪಕ್ಕದ ಎರಡು ಜಾಲರಿ ಸೇರಿಸಿ ಚಟ್ ಅನ್ನಿಸಿದ ಮೇಲೆಯೇ ಬಿಚ್ಚಿ. ಟಿವಿ, ಇನ್ವರ್ಟರ್ ಒಳಗೆ ಈ ಸೆಟ್ ಹಿಡಿದು ಕೈ ಹಾಕೋದೇ ಬೇಡ.

ಹಣ ಎಷ್ಟು? ರೂ. 200ರ ಸೆಟ್ ರಿಮೋಟು, ಆಟಿಕೆಗೆ ಸಾಕು, ಕಚ್ಚಿದ ಸ್ಕ್ರೂ ಸಿಕ್ಕಿದ ದಿನ ಕೈಕೊಡ್ತದೆ. ನನ್ನ ಪ್ರಕಾರ ರೂ. 500ರಿಂದ 800ರೊಳಗೆ, 25 ಬಿಟ್ ಆಸುಪಾಸಿನ ಎಸ್2 ಸೆಟ್ ನೋಡಿ. ಬ್ರ್ಯಾಂಡ್ ಹೆಸರು ಹೇಳೋದಿಲ್ಲ, ಒಂದೇ ಮಾಲು ಹತ್ತು ಹೆಸರಲ್ಲಿ ಬರ್ತದೆ. ಪಾರ್ಸೆಲ್ ಬಂದ ದಿನವೇ ಸ್ಟಾರ್ ಬಿಟ್‌ಗಳನ್ನು ಒಂದೊಂದಾಗಿ ಅಳತೆಗೆ ಸರಿಯಾದ ಹೊಸ ಸ್ಕ್ರೂಗೆ ಕೂರಿಸಿ, ಹಿಡಿ ಅತ್ತಿತ್ತ ಅಲ್ಲಾಡಿಸಿ. ಗಟ್ಟಿಯಾಗಿ ಕೂತರೆ ಇಟ್ಟುಕೊಳ್ಳಿ. ಲೊಡಲೊಡ ಅಂದರೆ ಡಬ್ಬಿಗೆ ತುಂಬಿ ಅವತ್ತೇ ರಿಟರ್ನ್ ಹಾಕಿ.